ಗೋಡೆಯ ಸ್ವಿಚ್ಚು ಸಾಯಬಾರದು: ಹಳೆ ಮನೆಯನ್ನು ಸ್ಮಾರ್ಟ್ ಮಾಡುವ ಬಗೆ

ಮೂರು ವರ್ಷದ ಹಿಂದಿನ ಮಾತು. ರಾತ್ರಿ ಎರಡೂವರೆಗೆ ಅಮ್ಮ ಬಂದು ನನ್ನ ಕೋಣೆಯ ಬಾಗಿಲು ತಟ್ಟಿದರು. "ಏಳೋ, ಹಾಲ್‌ನಲ್ಲಿ ಯಾರೋ ಲೈಟ್ ಹಾಕ್ಕೊಂಡಿದ್ದಾರೆ" ಅಂತ ಪಿಸುಗುಟ್ಟಿದರು. ಕೈಗೆ ಸಿಕ್ಕಿದ ಮಗನ ಕ್ರಿಕೆಟ್ ಬ್ಯಾಟು ಹಿಡಿದು ಕೆಳಗಿಳಿದೆ. ಹಾಲ್‌ನಲ್ಲಿ ಯಾರೂ ಇರಲಿಲ್ಲ. ಕರೆಂಟು ಹೋಗಿ ಬಂದಿತ್ತು, ಅಷ್ಟೆ. ಹಿಂದಿನ ದಿನ ನಾನು ಹಾಕಿದ್ದ ಸ್ಮಾರ್ಟ್ ಬಲ್ಬು ಕರೆಂಟು ಬಂದ ತಕ್ಷಣ ತಾನಾಗಿಯೇ ಹೊತ್ತಿಕೊಂಡು ಬೆಳ್ಳಗೆ ಉರಿಯುತ್ತಿತ್ತು.

ಮರುದಿನ ಅಮ್ಮ ಜಾಣತನ ಮಾಡಿ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟರು. ಈಗ ಫೋನಿನಲ್ಲಿ ಎಷ್ಟು ಒತ್ತಿದರೂ ಬಲ್ಬು ಹತ್ತಲಿಲ್ಲ. ಬಲ್ಬಿಗೆ ಕರೆಂಟೇ ಇಲ್ಲದ ಮೇಲೆ ಅದು ಫೋನಿನ ಮಾತು ಕೇಳುವುದಾದರೂ ಹೇಗೆ? "ಲೈಟು ಹಾಕೋಕೂ ಫೋನ್ ಬೇಕೇನೋ?" ಅಂದರು ಅಮ್ಮ. ಆ ಬಲ್ಬನ್ನು ಅಂದೇ ಬಿಚ್ಚಿ ಡಬ್ಬಿಗೆ ಹಾಕಿದೆ. ಅವತ್ತಿನಿಂದ ನಮ್ಮ ಮನೆಗೆ ಒಂದೇ ಕಟ್ಟಳೆ: ನೆಟ್ ಇಲ್ಲದಿದ್ದರೂ, ಫೋನ್ ಇಲ್ಲದಿದ್ದರೂ, ಗೋಡೆಯ ಸ್ವಿಚ್ಚು ಒತ್ತಿದರೆ ಲೈಟು ಹತ್ತಬೇಕು. ಕೆಳಗೆ ಬರೆದಿರುವುದೆಲ್ಲ ಆ ಕಟ್ಟಳೆಗೆ ಒಗ್ಗಿಸಿಕೊಂಡು ಮಾಡಿದ ಕೆಲಸ.

ನಮ್ಮದು ಮೈಸೂರಿನ ಸರಸ್ವತಿಪುರಂ ಕಡೆಯ ಹಳೆ ಮನೆ. ಕೆಳಗೆ ಅಪ್ಪ ಅಮ್ಮ, ಮೇಲೆ ನಾವು ನಾಲ್ಕು ಜನ. ದಪ್ಪ ಗೋಡೆ, ಹೈಲಂ ಶೀಟಿನ (ಗಟ್ಟಿ ಹಾಳೆಯ ಮುಚ್ಚಳದ) ಹಳೆ ಸ್ವಿಚ್ ಬೋರ್ಡು, ಅಂಗಳದಲ್ಲಿ ಸಂಪು, ಮೇಲೆ ಸಿಂಟೆಕ್ಸ್ ಟ್ಯಾಂಕು. ಮೈಸೂರು, ಮಂಡ್ಯ ಕಡೆ ಇಂಥ ಮನೆಗಳೇ ಜಾಸ್ತಿ ಅಲ್ವಾ?

ಅಂಗಡಿಗೆ ಹೋಗುವ ಮುಂಚೆ ಒಂದು ನೋಟ್‌ಬುಕ್ಕು

ಏನನ್ನೂ ಕೊಳ್ಳಬೇಡಿ. ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಒಂದು ನೋಟ್‌ಬುಕ್ಕು ತೂಗುಹಾಕಿ, ಒಂದು ವಾರ ಮನೆಯವರ ದೂರುಗಳನ್ನು ಬರೆಯುತ್ತಾ ಹೋಗಿ. ನಮ್ಮಲ್ಲಿ ಬಂದದ್ದು ಇಷ್ಟು: ಟ್ಯಾಂಕು ತುಂಬಿ ಹರಿಯಿತು (ಎರಡು ಸಲ). ಗೀಸರ್ ಆರಿಸುವುದು ಮರೆತುಹೋಯಿತು (ನಾಲ್ಕು ಸಲ, ಮೂರು ಸಲ ನಾನೇ). ಅಪ್ಪ ರಾತ್ರಿ ಬಚ್ಚಲಿಗೆ ಹೋಗುವಾಗ ಕತ್ತಲೆ. ಗೇಟಿನ ಹತ್ತಿರ ಯಾರು ಬಂದರೋ ಗೊತ್ತಾಗುವುದಿಲ್ಲ. ಬಣ್ಣ ಬದಲಿಸುವ ಬಲ್ಬು ಬೇಕು ಅಂತ ಮಗಳು ಒಬ್ಬಳೇ ಬರೆದಿದ್ದಳು.

ಈ ಪಟ್ಟಿಯೇ ನಿಮ್ಮ ಖರೀದಿ ಪಟ್ಟಿ. ಜಾಹೀರಾತು ನೋಡಿ ಶುರು ಮಾಡಿದವರು ಬಣ್ಣದ ಬಲ್ಬಿನಿಂದ ಶುರು ಮಾಡುತ್ತಾರೆ. ದೂರಿನಿಂದ ಶುರು ಮಾಡಿದವರು ನೀರಿನ ಟ್ಯಾಂಕಿನಿಂದ.

ಮೊದಲು ಮೇನ್ ಬೋರ್ಡು ನೋಡಿ

ಶಿವನಸಮುದ್ರದಿಂದ ಕೆಜಿಎಫ್‌ಗೆ 1902ರಲ್ಲೇ ಕರೆಂಟು ಹೋಯಿತು. ಕರೆಂಟಿನ ವಿಷಯದಲ್ಲಿ ನಮ್ಮ ಕಡೆಯವರು ಹಳೇ ಹುಲಿಗಳು. ಆದರೆ ನಮ್ಮ ಮನೆಯ ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ, ಮಾತ್ರ ಯಾವ ಕಾಲದಲ್ಲೋ ಸತ್ತಿತ್ತು. ಬಚ್ಚಲಿನ ನಲ್ಲಿ ಮುಟ್ಟಿದರೆ ಜುಂ ಅನ್ನುತ್ತದೆ ಅಂತ ಅಮ್ಮ ವರ್ಷಗಳಿಂದ ಹೇಳುತ್ತಿದ್ದರು. ನಾವು ಕಿವಿಗೆ ಹಾಕಿಕೊಂಡಿರಲಿಲ್ಲ.

ಈ ಹಂತವನ್ನು ನೀವೇ ಮಾಡಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಪಕ್ಕದಲ್ಲಿ ನಿಂತು ಮೂರು ವಿಷಯ ಕೇಳಿ.

ಒಂದು, ಅರ್ತಿಂಗ್. ಸಾಕೆಟ್ಟಿನಲ್ಲಿ ಮಲ್ಟಿಮೀಟರ್ ಇಟ್ಟರೆ ಫೇಸಿನಿಂದ (ಕರೆಂಟು ತರುವ ವೈರು) ನ್ಯೂಟ್ರಲ್‌ಗೂ (ವಾಪಸ್ ಒಯ್ಯುವ ವೈರು), ಫೇಸಿನಿಂದ ಅರ್ತ್‌ಗೂ ಹೆಚ್ಚುಕಡಿಮೆ ಒಂದೇ, ಅಂದರೆ 230 ವೋಲ್ಟ್ ಆಸುಪಾಸು ಬರಬೇಕು. ನ್ಯೂಟ್ರಲ್ ಮತ್ತು ಅರ್ತ್ ಮಧ್ಯೆ ಒಂದೆರಡು ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಏನೋ ಎಡವಟ್ಟಿದೆ. ನಮ್ಮಲ್ಲಿ ಅರ್ತ್ ಗುಂಡಿ ಒಣಗಿ ಕಲ್ಲಾಗಿತ್ತು. ಅಗೆಸಿ, ಹೊಸ ಪೈಪು ಇಳಿಸಿ, ಉಪ್ಪು ಇದ್ದಿಲು ತುಂಬಿಸಿದೆವು. ಈಗ ಬೇಸಿಗೆಯಲ್ಲಿ ವಾರಕ್ಕೊಂದು ಬಕೆಟ್ ನೀರು ಹೊಯ್ಯುವುದು ಅಪ್ಪನ ಕೆಲಸ. ತುಳಸಿಗೆ ನೀರು ಹಾಕಿ ಹಾಗೇ ಅದಕ್ಕೂ ಒಂದು ಬಕೆಟ್ ಹೊಯ್ದು ಬರುತ್ತಾರೆ.

ಎರಡು, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯಾ? ಎಂಸಿಬಿ ಇರುವುದು ವೈರಿನ ಕಾವಲಿಗೆ, ಆರ್‌ಸಿಸಿಬಿ ಇರುವುದು ಮನುಷ್ಯರ ಕಾವಲಿಗೆ. ಮೈಮೇಲೆ ಕರೆಂಟು ಹರಿದರೆ ಕಣ್ಣು ಮಿಟುಕಿಸುವುದರೊಳಗೆ ಮೇನ್ ಬೀಳಿಸುವುದು ಅದೇ. ಇಲ್ಲದಿದ್ದರೆ ಸ್ಮಾರ್ಟ್ ಸಾಮಾನಿಗೆ ಇಟ್ಟ ದುಡ್ಡಿನಲ್ಲಿ ಮೊದಲು ಇದನ್ನು ಹಾಕಿಸಿ.

ಮೂರು, ಸರ್ಜ್ ತಡೆಯುವ ಎಸ್‌ಪಿಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ನಮ್ಮ ಬೀದಿಯಲ್ಲಿ ಎಷ್ಟು ಟಿವಿ, ಎಷ್ಟು ರೂಟರ್ ಸುಟ್ಟಿವೆಯೋ ಲೆಕ್ಕವಿಲ್ಲ. ಸ್ಮಾರ್ಟ್ ಸ್ವಿಚ್ಚು ಅಂದರೆ ಗೋಡೆಯೊಳಗೆ ಕೂತ ಒಂದು ಪುಟ್ಟ ಕಂಪ್ಯೂಟರು. ಸಿಡಿಲಿನ ಹೊಡೆತ ಅದಕ್ಕೂ ತಾಗುತ್ತದೆ.

ವೈ-ಫೈ: ದಪ್ಪ ಗೋಡೆಯ ತಲೆನೋವು

ಮನೆಗೆ ಬಳಸುವ ಹೆಚ್ಚಿನ ಸ್ಮಾರ್ಟ್ ಪ್ಲಗ್ಗು, ಸ್ವಿಚ್ಚುಗಳು 2.4 ಗಿಗಾಹರ್ಟ್ಜ್ ವೈ-ಫೈಗೆ ಮಾತ್ರ ಸೇರುತ್ತವೆ. ಈಗಿನ ರೂಟರುಗಳಲ್ಲಿ 2.4 ಮತ್ತು 5 ಎರಡೂ ಒಂದೇ ಹೆಸರಿನಲ್ಲಿ ಇರುತ್ತವೆ. ಫೋನು 5ರಲ್ಲಿ ಕೂತಿರುತ್ತದೆ, ಪ್ಲಗ್ಗು 2.4ರಲ್ಲಿ ಹುಡುಕುತ್ತಿರುತ್ತದೆ. ಎರಡೂ ಒಂದನ್ನೊಂದು ಕಾಣುವುದೇ ಇಲ್ಲ. "ಡಿವೈಸ್ ಸಿಗಲಿಲ್ಲ" ಅಂತ ಬರುವುದು ಬಹಳ ಸಲ ಇದಕ್ಕೇ. ರೂಟರಿನ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. 2.4ರ ಹೆಸರು ಸರಳವಾಗಿರಲಿ. ನಕ್ಷತ್ರ, ಹೂವಿನ ಚಿಹ್ನೆ ಹಾಕಬೇಡಿ. ಸೇರಿಸುವಾಗ ಫೋನನ್ನೂ ಅದೇ ಹೆಸರಿಗೆ ಹಾಕಿಕೊಳ್ಳಿ.

ಕೇಬಲ್‌ನವರು ಬಂದು ಬಾಗಿಲ ಪಕ್ಕ ರೂಟರ್ ನೇತುಹಾಕಿ ಹೋಗಿಬಿಡುತ್ತಾರೆ. ಅವರಿಗೆ ವೈರು ಉಳಿಯುತ್ತದೆ, ನಮಗೆ ಸಿಗ್ನಲ್ ಉಳಿಯುವುದಿಲ್ಲ. ಹಳೆ ಗಾರೆ ಗೋಡೆ ಎರಡು ದಾಟುವಷ್ಟರಲ್ಲಿ ಸಿಗ್ನಲ್ ಸೋತು ಸುಣ್ಣವಾಗಿರುತ್ತದೆ. ಮನೆಯ ನಡುವೆ, ತಲೆಯ ಎತ್ತರಕ್ಕಿಂತ ಮೇಲೆ ರೂಟರ್ ಇರಲಿ. ನಮ್ಮದು ಮೆಟ್ಟಿಲ ತಿರುವಿನಲ್ಲಿದೆ, ಕೆಳಗೂ ಮೇಲೂ ಸಿಗುತ್ತದೆ.

ಜೊತೆಗೆ ಒಂದು 12 ವೋಲ್ಟಿನ ಪುಟ್ಟ ಯುಪಿಎಸ್ ತಗೊಳ್ಳಿ, ಇಲ್ಲವೇ ರೂಟರನ್ನು ಇನ್ವರ್ಟರ್ ಲೈನಿನ ಸಾಕೆಟ್ಟಿಗೆ ಹಾಕಿ. ಫೈಬರ್ ಡಬ್ಬ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಕರೆಂಟು ಸಿಗಬೇಕು. ಒಂದಕ್ಕೆ ಮಾತ್ರ ಕೊಟ್ಟು ನಾನು ಒಂದು ಸಂಜೆಯಿಡೀ ಇಂಟರ್ನೆಟ್ ಕಂಪನಿಯವರನ್ನು ಬೈದಿದ್ದೇನೆ.

ಗೀಸರ್: ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ

ಕೈ ಪಳಗಿಸಿಕೊಳ್ಳಲು ಇದು ಒಳ್ಳೆಯದು. ವೈರು ಮುಟ್ಟಬೇಕಾದ್ದೇ ಇಲ್ಲ. ಸ್ಮಾರ್ಟ್ ಪ್ಲಗ್ಗನ್ನು ಸಾಕೆಟ್ಟಿಗೆ ಚುಚ್ಚಿ, ಅದಕ್ಕೆ ಗೀಸರ್ ಚುಚ್ಚಿದರೆ ಆಯಿತು. ಆದರೆ ಲೆಕ್ಕ ಹಾಕಿ. 2000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. 3000 ವ್ಯಾಟಿನದು 13. ಹಾಗಾಗಿ 16 ಆಂಪಿಯರಿನ ಪ್ಲಗ್ಗೇ ಬೇಕು. ಅಗ್ಗಕ್ಕೆ ಸಿಕ್ಕಿತು ಅಂತ 6 ಅಥವಾ 10ರದ್ದು ತರಬೇಡಿ. ಐಎಸ್‌ಐ ಗುರುತು ನೋಡಿ.

ಚುಚ್ಚುವ ಮುಂಚೆ ಹಳೆ ಸಾಕೆಟ್ಟಿನ ಮುಖ ನೋಡಿ. ತೂತುಗಳ ಸುತ್ತ ಕಂದು ಬಣ್ಣ ಬಂದಿದ್ದರೆ, ಪಿನ್ನು ಸಡಿಲವಾಗಿ ಅಲ್ಲಾಡುತ್ತಿದ್ದರೆ, ಒಳಗೆ ಬಿಸಿಯಾಗುತ್ತಿದೆ ಅಂತ ಅರ್ಥ. ಮೊದಲು ಸಾಕೆಟ್ ಬದಲಿಸಿ. ಪ್ಲಗ್ಗು ಬಚ್ಚಲಿನ ಒಳಗೆ ನೀರು ಸಿಡಿಯುವ ಕಡೆ ಇರಕೂಡದು.

ಆ್ಯಪಿನಲ್ಲಿ ಎರಡು ಸೆಟ್ಟಿಂಗ್ ಮರೆಯಬೇಡಿ. ಬೆಳಗ್ಗೆ 5:45ಕ್ಕೆ ಆನ್, 6:15ಕ್ಕೆ ಆಫ್ ಅಂತ ವೇಳೆ ಹಾಕುವುದು ಒಂದು. ಇನ್ನೊಂದು, ಕರೆಂಟು ಹೋಗಿ ಬಂದಾಗ ಏನಾಗಬೇಕು ಎನ್ನುವುದು. ಅಲ್ಲಿ ಮೂರು ಆಯ್ಕೆ ಇರುತ್ತವೆ: ಆನ್, ಆಫ್, ಮೊದಲಿದ್ದ ಹಾಗೆ. ಗೀಸರಿಗೆ ಯಾವಾಗಲೂ ಆಫ್ ಇಡಿ. ಅಮ್ಮನ ನಿದ್ದೆ ಕೆಡಿಸಿದ್ದು ಈ ಸೆಟ್ಟಿಂಗೇ.

ಕರೆಂಟ್ ಎಷ್ಟು ಉರಿಯಿತು ಅಂತ ತೋರಿಸುವ ಪ್ಲಗ್ಗು ಸಿಕ್ಕರೆ ನೂರಿನ್ನೂರು ಜಾಸ್ತಿಯಾದರೂ ಅದನ್ನೇ ತಗೊಳ್ಳಿ. 2000 ವ್ಯಾಟ್ ಗೀಸರು ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಆ ಗಡಿಯ ಹತ್ತಿರ ಇರುವ ಮನೆಗಳಿಗೆ ಈ ಲೆಕ್ಕ ಮುಖ್ಯ. ಇನ್ನೊಂದು ಗುಟ್ಟು ಅಂಗಡಿಯವರು ಹೇಳುವುದಿಲ್ಲ. ಸ್ಮಾರ್ಟ್ ಸಾಮಾನು ಸುಮ್ನೆ ಕೂತಿದ್ದರೂ ಕರೆಂಟು ಕುಡಿಯುತ್ತದೆ. ಒಂದೊಂದು 1 ವ್ಯಾಟ್ ಎಂದಿಟ್ಟುಕೊಂಡರೂ ಹತ್ತು ಸೇರಿ ತಿಂಗಳಿಗೆ 7 ಯೂನಿಟ್ ದಾಟುತ್ತದೆ. ಅದಕ್ಕೇ ಪ್ರತಿ ಬಲ್ಬನ್ನೂ ಸ್ಮಾರ್ಟ್ ಮಾಡುವ ಹುಚ್ಚು ಬೇಡ.

ಸ್ವಿಚ್ ಬೋರ್ಡು: ಹೊರಗೆ ಹಳೆಯದು, ಒಳಗೆ ಹೊಸದು

ಬಲ್ಬನ್ನು ಸ್ಮಾರ್ಟ್ ಮಾಡಬೇಡಿ, ಸ್ವಿಚ್ಚನ್ನು ಮಾಡಿ. ಹಳೆ ಸ್ವಿಚ್ಚಿನ ಹಿಂದೆ, ಬೋರ್ಡಿನ ಒಳಗೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಮಾಡ್ಯೂಲ್ ಒಂದನ್ನು ಕೂರಿಸುತ್ತಾರೆ. ಹೊರಗೆ ಅದೇ ಟಕ್ ಅನ್ನುವ ಸ್ವಿಚ್ಚು. ಫೋನಿನಿಂದಲೂ ಹತ್ತುತ್ತದೆ, ಬೆರಳಿನಿಂದಲೂ ಹತ್ತುತ್ತದೆ. ನೆಟ್ ಸತ್ತರೂ ಬೆರಳಿನ ಕೆಲಸ ನಿಲ್ಲುವುದಿಲ್ಲ. ಟಚ್ ಪ್ಯಾನೆಲ್ ನೋಡಲು ಚಂದ, ಆದರೆ ಹಿಟ್ಟು ಮೆತ್ತಿದ ಕೈಯಲ್ಲಿ ಅಮ್ಮ ಅದನ್ನು ಒತ್ತುವುದನ್ನು ಒಮ್ಮೆ ನೋಡಿ, ಆಮೇಲೆ ಆಸೆ ಬಿಡುತ್ತೀರಿ.

ಕೊಳ್ಳುವ ಮುಂಚೆ ಬೋರ್ಡು ಬಿಚ್ಚಿ ಎರಡು ವಿಷಯ ನೋಡಬೇಕು. ಬಿಚ್ಚುವಾಗ ಎಲ್ಲಕ್ಕಿಂತ ದೊಡ್ಡ ಅಪಾಯ ಇನ್ವರ್ಟರ್. ಇನ್ವರ್ಟರ್ ಇರುವ ಮನೆಯಲ್ಲಿ ಒಂದೇ ಬೋರ್ಡಿಗೆ ಎರಡು ಫೇಸು ಬಂದಿರುತ್ತವೆ, ಒಂದು ಮೇನ್ ಲೈನಿನದು, ಇನ್ನೊಂದು ಇನ್ವರ್ಟರಿನದು. ನಾನು ಎಂಸಿಬಿ ಇಳಿಸಿ, ಕರೆಂಟು ಹೋಯಿತು ಅಂತ ಧೈರ್ಯವಾಗಿ ಶೀಟು ತೆಗೆದೆ. ಅಭ್ಯಾಸಬಲದಿಂದ ಟೆಸ್ಟರ್ ಇಟ್ಟೆ. ಕೆಂಪಗೆ ಹತ್ತಿತು. ಮೈ ಬೆವರಿತು. ಮೇನ್ ಇಳಿಸಿದ ಮೇಲೆ ಇನ್ವರ್ಟರನ್ನೂ ಆರಿಸಿ. ಆಮೇಲೆ ಬೋರ್ಡಿನ ಪ್ರತಿಯೊಂದು ವೈರಿಗೂ ಟೆಸ್ಟರ್ ಇಟ್ಟು ನೋಡಿ. ಆ ಟೆಸ್ಟರ್ ಸರಿಯಿದೆಯಾ ಅಂತ ಅದಕ್ಕೂ ಮುಂಚೆ ಕರೆಂಟಿರುವ ಸಾಕೆಟ್ಟಿನಲ್ಲಿ ನೋಡಿಕೊಳ್ಳಿ.

ಈಗ ಆ ಎರಡು ವಿಷಯ. ಮೊದಲನೆಯದು ನ್ಯೂಟ್ರಲ್. ಮಾಡ್ಯೂಲು ಬದುಕಿರಲು ಫೇಸೂ ಬೇಕು, ನ್ಯೂಟ್ರಲ್ಲೂ ಬೇಕು. ಬರೀ ಸ್ವಿಚ್ಚುಗಳಿರುವ ಬೋರ್ಡಿಗೆ ಹಳೆ ಮನೆಯಲ್ಲಿ ನ್ಯೂಟ್ರಲ್ ತಂದೇ ಇರುವುದಿಲ್ಲ. ಬೋರ್ಡಿನಲ್ಲಿ ಒಂದು ಸಾಕೆಟ್ ಇದ್ದರೆ ನ್ಯೂಟ್ರಲ್ ಇದೆ ಅಂತ ಅರ್ಥ, ಸಾಮಾನ್ಯವಾಗಿ ಕಪ್ಪು ವೈರು. ಹಳೆ ಮನೆಯಲ್ಲಿ ಬಣ್ಣವನ್ನೇ ನಂಬಬೇಡಿ, ಅಳೆದು ನೋಡಿ. ಪಕ್ಕದ ಲೈನಿನಿಂದ ನ್ಯೂಟ್ರಲ್ ಕದಿಯುವ ಕೆಲಸ ಬೇಡ. ಆರ್‌ಸಿಸಿಬಿ ಪದೇಪದೇ ಬೀಳಬಹುದು. ಎರಡನೆಯದು ಜಾಗ. ಬೋರ್ಡಿನೊಳಗೆ ಮಾಡ್ಯೂಲು ಒತ್ತಿ ತುರುಕುವ ಹಾಗಿದ್ದರೆ ಬೇಡ, ಒಳಗೇ ಬಿಸಿಯಾಗುತ್ತದೆ. ನಮ್ಮ ಹೈಲಂ ಬೋರ್ಡಿನ ಹಿಂದೆ ಮರದ ಪೆಟ್ಟಿಗೆಯಲ್ಲಿ ಧಾರಾಳ ಜಾಗವಿತ್ತು. ಹಳೆಯದಕ್ಕೂ ಒಂದು ಬೆಲೆ ಬಂತು.

ಜೋಡಿಸುವ ಕ್ರಮ ನಮ್ಮಲ್ಲಿ ಹೀಗಿತ್ತು. ಎಲೆಕ್ಟ್ರಿಷಿಯನ್ ಮಾಡಿದರು, ನಾನು ಕೈಜೋಡಿಸಿದೆ. ಮೊದಲ ಬೋರ್ಡು ನೀವೂ ಹಾಗೇ ಮಾಡಿಸಿ.

1. ಬಿಚ್ಚಿದ ಬೋರ್ಡಿನ ಫೋಟೋ ತೆಗೆಯಿರಿ. ಎಡದಿಂದ ಒಂದು, ಬಲದಿಂದ ಒಂದು.
2. ಪ್ರತಿ ಸ್ವಿಚ್ಚಿಗೆ ಎರಡು ವೈರು. ಒಂದು ಎಲ್ಲ ಸ್ವಿಚ್ಚುಗಳಿಗೂ ಸುತ್ತಿ ಬರುವ ಫೇಸಿನ ಲೂಪು, ಇನ್ನೊಂದು ಬಲ್ಬಿಗೆ ಹೋಗುವುದು. ಬಲ್ಬಿಗೆ ಹೋಗುವ ವೈರುಗಳಿಗೆ ಬಿಳಿ ಟೇಪು ಸುತ್ತಿ "ಹಾಲ್", "ಜಗುಲಿ", "ದೇವರ ಮನೆ" ಅಂತ ಬರೆಯಿರಿ.
3. ಆ ವೈರುಗಳನ್ನು ಸ್ವಿಚ್ಚಿನಿಂದ ಬಿಡಿಸಿ ಮಾಡ್ಯೂಲಿನ ಔಟ್‌ಪುಟ್‌ಗೆ ಕೊಡಿ. ಫೇಸನ್ನೂ ನ್ಯೂಟ್ರಲನ್ನೂ ಅವುಗಳ ಜಾಗಕ್ಕೆ ಕೊಡಿ.
4. ಸ್ವಿಚ್ಚಿನಿಂದ ತೆಳು ವೈರು ಎಳೆದು ಮಾಡ್ಯೂಲಿನ ಸ್ವಿಚ್ ತೂತಿಗೆ ಕೊಡಿ.

ನಾಲ್ಕನೆಯ ಹಂತದಲ್ಲಿ ಮಾಡ್ಯೂಲು ಸಾಯುವುದು ಜಾಸ್ತಿ. ಕೆಲವು ಮಾಡ್ಯೂಲಿನ ಸ್ವಿಚ್ ತೂತಿಗೆ 230 ವೋಲ್ಟ್ ಕೊಡಬಾರದು, ಎರಡು ತುದಿ ಬರೀ ತಾಗಿ ಬಿಟ್ಟರೆ ಸಾಕು. ಅಂಥದ್ದರಲ್ಲಿ ಹಳೆ ಫೇಸಿನ ಲೂಪನ್ನು ಸ್ವಿಚ್ಚುಗಳಿಂದ ಪೂರ್ತಿ ತೆಗೆದಿರಬೇಕು. ಇನ್ನು ಕೆಲವಕ್ಕೆ ಫೇಸೇ ಬೇಕು. ಡಬ್ಬದಲ್ಲಿ ಬಂದ ಚಿತ್ರವನ್ನು ನೋಡಿಯೇ ಕೊಡಿ. "ಇಂಥವು ನೂರು ಹಾಕಿದ್ದೀನಿ ಸಾರ್" ಅನ್ನುವವರ ಕೈಗೂ ಆ ಚಿತ್ರ ಕೊಡಿ.

ಮುಗಿದ ಮೇಲೆ ಮನೆಯವರಿಗೆ ಒಂದು ಮಾತು ಹೇಳಬೇಕು. ಇನ್ನು ಮೇಲೆ ಸ್ವಿಚ್ಚು ಕೆಳಗಿದ್ದರೆ ಆನ್, ಮೇಲಿದ್ದರೆ ಆಫ್ ಅನ್ನುವ ಲೆಕ್ಕ ಇಲ್ಲ. ಒಮ್ಮೆ ಒತ್ತಿದರೆ ಇದ್ದದ್ದು ಬದಲಾಗುತ್ತದೆ, ಅಷ್ಟೆ. ಅಪ್ಪನಿಗೆ ಇದು ಒಗ್ಗಲು ಒಂದು ತಿಂಗಳು ಹಿಡಿಯಿತು.

ಇಂಥ ಮಾಡ್ಯೂಲಿಗೆ ಲೈಟುಗಳನ್ನು ಮಾತ್ರ ಕೊಡಿ. ಗೀಸರ್, ಇಸ್ತ್ರಿಪೆಟ್ಟಿಗೆ, ಮೋಟಾರು ಬೇಡವೇ ಬೇಡ. ಫ್ಯಾನಿಗೆ ವೇಗ ಬದಲಿಸುವ ಬೇರೆ ಮಾಡ್ಯೂಲು ಬರುತ್ತದೆ. ಆದರೆ ಬಿಎಲ್‌ಡಿಸಿ ಫ್ಯಾನಿಗೆ (ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಫ್ಯಾನು) ಯಾವ ರೆಗ್ಯುಲೇಟರನ್ನೂ ಹಾಕಬಾರದು, ಒಳಗಿನ ಸರ್ಕ್ಯೂಟು ಹೋಗುತ್ತದೆ. ನನ್ನ ಕೇಳಿದರೆ ಹಳೆ ಫ್ಯಾನನ್ನು ಸ್ಮಾರ್ಟ್ ಮಾಡುವುದಕ್ಕಿಂತ ಬಿಎಲ್‌ಡಿಸಿ ಫ್ಯಾನು ಕೊಳ್ಳುವುದೇ ವಾಸಿ. ಹಳೆಯದು 75 ವ್ಯಾಟ್ ತಿಂದರೆ ಇದು 30ರ ಆಸುಪಾಸು. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಅಪ್ಪನ ರಾತ್ರಿಯ ಕತ್ತಲೆಗೆ ಮಾತ್ರ ಇದ್ಯಾವುದೂ ಬೇಕಾಗಲಿಲ್ಲ. ಮಂಚದಿಂದ ಬಚ್ಚಲವರೆಗೆ ಗೋಡೆಯ ಬುಡದಲ್ಲಿ, ಯಾರಾದರೂ ಓಡಾಡಿದರೆ ಹತ್ತುವ ಎರಡು ಬ್ಯಾಟರಿ ದೀಪ ಅಂಟಿಸಿದೆ. ವೈ-ಫೈಯೂ ಇಲ್ಲ, ಆ್ಯಪೂ ಇಲ್ಲ. ಮನೆಯಲ್ಲಿ ಎಲ್ಲರೂ ಹೆಚ್ಚು ಹೊಗಳುವುದು ಅದನ್ನೇ.

ಸಂಪು, ಮೋಟಾರು, ಟ್ಯಾಂಕು

ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ, ಅದನ್ನೇ ಮೊದಲು ಹೇಳುತ್ತೇನೆ. ಗೀಸರಿನ ಪ್ಲಗ್ಗು ಚೆನ್ನಾಗಿ ಕೆಲಸ ಮಾಡಿತಲ್ಲ, ಮೋಟಾರಿಗೂ ಅಂಥದ್ದೇ 16 ಆಂಪಿಯರಿನ ಪ್ಲಗ್ಗು ಹಾಕಿದೆ. ನಮ್ಮದು 1 ಎಚ್‌ಪಿ ಮೋಟಾರು, ಓಡುವಾಗ ಆರೇಳು ಆಂಪಿಯರ್. 16ಕ್ಕೆ ಇದು ಯಾವ ಲೆಕ್ಕ ಅಂದುಕೊಂಡೆ. ಎರಡು ತಿಂಗಳು ಚೆನ್ನಾಗಿತ್ತು. ಒಂದು ದಿನ ಆಫೀಸಿನಿಂದ ಫೋನಿನಲ್ಲಿ ಆಫ್ ಮಾಡಿದೆ. ಆಫ್ ಅಂತಲೇ ತೋರಿಸಿತು. ಸಂಜೆ ಬಂದು ನೋಡಿದರೆ ಟ್ಯಾಂಕು ಹರಿದು, ಸಂಪು ಬರಿದಾಗಿ, ಮೋಟಾರು ಒಣ ಓಡಿ ಕಾದು ಕೂತಿದೆ. ಪಕ್ಕದ ಮನೆಯವರು "ಏನ್ ಸಾರ್, ನಿಮ್ಮನೇಲಿ ಕಾರಂಜಿ ಶುರುವಾಯ್ತಲ್ಲ" ಅಂದರು.

ತಪ್ಪು ಪ್ಲಗ್ಗಿನದಲ್ಲ, ನನ್ನದು. ಮೋಟಾರು ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆ ಕಿಡಿಗೆ ಪ್ಲಗ್ಗಿನೊಳಗಿನ ರಿಲೇ ಅನ್ನುವ ಪುಟ್ಟ ಸ್ವಿಚ್ಚಿನ ಎರಡು ತುದಿ ಬೆಸುಗೆ ಹಾಕಿದಂತೆ ಅಂಟಿಕೊಂಡಿದ್ದವು. ಆ್ಯಪು ಬಿಡು ಅಂದರೂ ಬಿಡುವ ಸ್ಥಿತಿಯಲ್ಲಿ ಅವು ಇರಲಿಲ್ಲ.

ಮೋಟಾರಿನ ಭಾರ ಹೊರಲು ಕಾಂಟ್ಯಾಕ್ಟರ್ ಬೇಕು. ಅದರೊಳಗೆ ಒಂದು ಕಾಯಿಲ್ ಇರುತ್ತದೆ. ಕಾಯಿಲಿಗೆ ಚೂರು ಕರೆಂಟು ಕೊಟ್ಟರೆ ದಪ್ಪ ತುದಿಗಳು ಧಡ್ ಅಂತ ಕೂಡಿ ಮೋಟಾರಿಗೆ ಕರೆಂಟು ಬಿಡುತ್ತವೆ. ಸ್ಮಾರ್ಟ್ ಸ್ವಿಚ್ಚು ಈಗ ಕಾಯಿಲನ್ನು ಮಾತ್ರ ಹತ್ತಿಸಿ ಆರಿಸಿದರೆ ಸಾಕು.

ಆ ಕಾಯಿಲಿನ ದಾರಿಯಲ್ಲೇ ಒಂದರ ಹಿಂದೊಂದು ಎರಡು ಫ್ಲೋಟ್ ಸ್ವಿಚ್ಚು, ಅಂದರೆ ನೀರಿನಲ್ಲಿ ತೇಲುತ್ತಾ ಮಟ್ಟಕ್ಕೆ ತಕ್ಕಂತೆ ಕೂಡಿ ಬಿಡುವ ಸ್ವಿಚ್ಚು, ಹಾಕಿಸಿದೆವು. ಸಂಪಿನಲ್ಲಿರುವುದು ನೀರಿದ್ದರೆ ಮಾತ್ರ ಕೂಡುತ್ತದೆ. ಟ್ಯಾಂಕಿನಲ್ಲಿರುವುದು ನೀರು ಇಳಿದಾಗ ಮಾತ್ರ ಕೂಡುತ್ತದೆ. ಸಂಪಿನಲ್ಲಿ ನೀರೂ ಇರಬೇಕು, ಟ್ಯಾಂಕೂ ಖಾಲಿಯಾಗಿರಬೇಕು, ಫೋನಿನಲ್ಲಿ ಅಪ್ಪಣೆಯೂ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ಮೋಟಾರು ಏಳುವುದಿಲ್ಲ. ಫ್ಲೋಟುಗಳ ಕಾವಲಿಗೆ ಇಂಟರ್ನೆಟ್ಟಿನ ಹಂಗಿಲ್ಲ. ಸ್ಮಾರ್ಟ್ ಸ್ವಿಚ್ಚಿನ ಪಕ್ಕದಲ್ಲೇ ಒಂದು ಮಾಮೂಲಿ ಸ್ವಿಚ್ಚನ್ನೂ ಹಾಕಿಸಿದ್ದೇವೆ, ನೆಟ್ ಇಲ್ಲದ ದಿನ ಅಮ್ಮ ಅದನ್ನೇ ಒತ್ತುತ್ತಾರೆ. ಫ್ಲೋಟುಗಳು ಆಗಲೂ ಕಾವಲಿರುತ್ತವೆ.

ಫ್ಲೋಟಿನ ವೈರು ನೀರಿನಲ್ಲಿ ಇಳಿದಿರುತ್ತದೆ, ಅದರಲ್ಲಿ 230 ವೋಲ್ಟ್ ಹರಿಸುವುದು ನನಗೆ ಒಪ್ಪಿಗೆಯಿಲ್ಲ. ಪುಟ್ಟ ಪವರ್ ಸಪ್ಲೈ ಇಟ್ಟು, 24 ವೋಲ್ಟಿನ ಕಾಯಿಲ್ ಇರುವ ಕಾಂಟ್ಯಾಕ್ಟರ್ ಹಾಕಿಸಿ. ಕಡಿಮೆ ವೋಲ್ಟಿನ ಸೆನ್ಸರ್ ಇರುವ ರೆಡಿಮೇಡ್ ಕಂಟ್ರೋಲರ್ ಡಬ್ಬಗಳೂ ಶಿವರಾಂಪೇಟೆ, ಸಂತೇಪೇಟೆ ಕಡೆಯ ಅಂಗಡಿಗಳಲ್ಲಿ ಸಿಗುತ್ತವೆ. ಈ ವೈರಿಂಗ್ ಕೂಡ ಎಲೆಕ್ಟ್ರಿಷಿಯನ್ ಕೆಲಸವೇ.

ಫ್ಲೋಟು ಇಳಿಬಿಡುವುದು ಮಾತ್ರ ನಿಮ್ಮ ಕೆಲಸ, ಅದನ್ನು ಬೇರೆಯವರು ಸರಿಯಾಗಿ ಮಾಡುವುದಿಲ್ಲ. ಫ್ಲೋಟಿನ ವೈರಿಗೆ ಒಂದು ಭಾರದ ಗುಂಡು ಸಿಕ್ಕಿಸಿರುತ್ತಾರೆ. ಗುಂಡಿನಿಂದ ಫ್ಲೋಟಿನವರೆಗಿನ ವೈರು ಉದ್ದವಾದಷ್ಟೂ ನೀರು ಹೆಚ್ಚು ಇಳಿಯುವವರೆಗೆ ಮೋಟಾರು ಸುಮ್ಮನಿರುತ್ತದೆ. ಗೇಣುದ್ದ ಬಿಟ್ಟರೆ ಯಾರಾದರೂ ಎರಡು ಬಕೆಟ್ ನೀರು ಹಿಡಿದರೂ ಮೋಟಾರು ಶುರು, ನಿಲ್ಲು, ಶುರು, ನಿಲ್ಲು. ನಾನು ಒಂದು ಮೊಳದ ಹತ್ತಿರ ಬಿಟ್ಟಿದ್ದೇನೆ. ಫ್ಲೋಟು ತೂಗಾಡುವಾಗ ಟ್ಯಾಂಕಿನ ಗೋಡೆಗೂ ನೀರು ಬೀಳುವ ಪೈಪಿಗೂ ತಾಗಬಾರದು. ಮುಚ್ಚಳ ಹಾಕುವ ಮುಂಚೆ ಕೈಯಿಂದ ಫ್ಲೋಟ್ ಎತ್ತಿ, ಇಳಿಸಿ, ಕೆಳಗೆ ಕಾಂಟ್ಯಾಕ್ಟರಿನ ಧಡ್ ಸದ್ದು ಬರುತ್ತದಾ ಅಂತ ಮಗನನ್ನು ನಿಲ್ಲಿಸಿ ಕೇಳಿ.

ಮಂಡ್ಯದ ಮಾವನ ಮನೆಯಲ್ಲಿ ಬೋರ್‌ವೆಲ್ ನೀರು, ಗಡಸು. ಅಲ್ಲಿ ಸ್ಟೀಲ್ ಕಡ್ಡಿ ನೀರಿಗೆ ತಾಗಿದರೆ ತಿಳಿಯುವ ಸೆನ್ಸರ್ ಹಾಕಿಸಿದ್ದರು. ನಾಲ್ಕೈದು ತಿಂಗಳಿಗೆ ಕಡ್ಡಿಗಳ ಮೇಲೆ ಬಿಳಿ ಉಪ್ಪು ಕಟ್ಟಿ, ಟ್ಯಾಂಕು ತುಂಬಿದ್ದರೂ ಖಾಲಿ ಅಂತಲೇ ಹೇಳುತ್ತಿತ್ತು. ಬೋರ್ ನೀರಿನ ಮನೆಗೆ ಫ್ಲೋಟೇ ಸರಿ.

ಕಡೆಯದಾಗಿ ಆ್ಯಪಿನಲ್ಲಿ ಒಂದು ಗಡುವು ಹಾಕಿ. ನಮ್ಮ 1000 ಲೀಟರ್ ಟ್ಯಾಂಕು ತುಂಬಲು ಸುಮಾರು 25 ನಿಮಿಷ. ಆನ್ ಆದ 35 ನಿಮಿಷಕ್ಕೆ ತಾನೇ ಆಫ್ ಆಗಲಿ ಅಂತ ಇಟ್ಟಿದ್ದೇನೆ. ಫ್ಲೋಟು ಎಲ್ಲಾದರೂ ಸಿಕ್ಕಿಕೊಂಡರೂ ಕಾರಂಜಿ ಹತ್ತು ನಿಮಿಷಕ್ಕೇ ನಿಲ್ಲುತ್ತದೆ.

ಗ್ಯಾಸ್ ಅಲಾರಾಂ ಮತ್ತು ಕ್ಯಾಮೆರಾ

ಅಡುಗೆ ಗ್ಯಾಸು ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಕೂರುತ್ತದೆ. ಹಾಗಾಗಿ ಗ್ಯಾಸ್ ಸೆನ್ಸರು ನೆಲದಿಂದ ಒಂದಡಿ ಮೇಲೆ ಇರಬೇಕು, ಸಿಲಿಂಡರಿನ ಹತ್ತಿರ. ಒಬ್ಬರ ಮನೆಯಲ್ಲಿ ಚಂದ ಕಾಣಲಿ ಅಂತ ಚಿಮಣಿಯ ಪಕ್ಕ ಮೇಲೆ ಹಾಕಿದ್ದು ನೋಡಿದ್ದೇನೆ. ಅಲ್ಲಿರಬೇಕಾದ್ದು ಹೊಗೆಯ ಸೆನ್ಸರು.

ಗ್ಯಾಸ್ ಅಲಾರಾಂ ಹೊಡೆದರೆ ಎಕ್ಸಾಸ್ಟ್ ಫ್ಯಾನ್ ತಾನಾಗಿ ಓಡಲಿ ಅಂತ ಆ್ಯಪಿನಲ್ಲಿ ಗಂಟು ಹಾಕುವ ಆಸೆ ಯಾರಿಗೂ ಬರುತ್ತದೆ. ದಯವಿಟ್ಟು ಮಾಡಬೇಡಿ. ಗ್ಯಾಸು ತುಂಬಿದ ಅಡುಗೆಮನೆಯಲ್ಲಿ ಸ್ವಿಚ್ಚಿನ ಒಂದು ಕಿಡಿ ಸಾಕು, ಅದು ಬೆರಳಿನಿಂದ ಬಂದರೂ ಅಷ್ಟೆ, ಫೋನಿನಿಂದ ಬಂದರೂ ಅಷ್ಟೆ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ, ಅದು ಗ್ಯಾಸ್ ಸೋರಿಕೆಯ ತುರ್ತು ನಂಬರು.

ಕ್ಯಾಮೆರಾ ಗೇಟಿಗೊಂದು ಸಾಕು. ನಿಮ್ಮ ಗೇಟು ಕಾಣಲಿ, ಎದುರು ಮನೆಯವರ ಜಗುಲಿ ಕಾಣುವುದು ಬೇಡ. ಮನೆಯೊಳಗೆ ಬೇಡ ಎನ್ನುವುದು ನನ್ನ ಅಭಿಪ್ರಾಯ, ನನ್ನ ಹೆಂಡತಿಯದು ಆಜ್ಞೆ. ಕ್ಯಾಮೆರಾದ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ಫೋನಿಗೆ ಒಟಿಪಿ ಬರುವ ಎರಡನೇ ಬೀಗವನ್ನೂ ಹಾಕಿ. ಗೋಡೆಗೆ ತೂತು ಹೊಡೆಯುವಾಗ ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಡ್ರಿಲ್ ಇಡಬೇಡಿ. ವೈರಿನ ಪೈಪು ಸಾಮಾನ್ಯವಾಗಿ ಅಲ್ಲೇ ಇಳಿದಿರುತ್ತದೆ. ಹಳೆ ಗಾರೆ ಗೋಡೆಗೆ ಡ್ರಿಲ್ಲಿನ ಹ್ಯಾಮರ್ ಬೇಡ. 6 ಎಂಎಂ ತೂತು ಹೋಗಿ ಇಲಿ ಬಿಲ ಆಗುತ್ತದೆ.

ಹೆಸರು, ಕಾಗದ, ಡಬ್ಬಿ

ಮಾತಿಗೆ ಓಗೊಡುವ ಸ್ಪೀಕರ್ ಇದ್ದರೆ ಸಾಮಾನುಗಳಿಗೆ ಮನೆಯಲ್ಲಿ ಕರೆಯುವ ಹೆಸರನ್ನೇ ಇಡಿ, ಆದರೆ ಚಿಕ್ಕದಾಗಿ. "ದೇವರ ಮನೆ ಲೈಟ್" ಅಂದರೆ ನಮ್ಮ ಸ್ಪೀಕರು ಏನೇನೋ ಹಾಡು ಹಾಕುತ್ತಿತ್ತು. "ಪೂಜಾ" ಅಂತ ಬದಲಿಸಿದೆ, ಈಗ ಅಮ್ಮನ ಮಾತು ಕೇಳುತ್ತದೆ.

ಮನೆಯ ಆ್ಯಪು ಒಬ್ಬರ ಫೋನಿನಲ್ಲಿ ಮಾತ್ರ ಇರಬಾರದು. ಇಬ್ಬರ ಫೋನಿನಲ್ಲಾದರೂ ಇರಲಿ. ಯಾವ ಬೋರ್ಡಿನಲ್ಲಿ ಏನಿದೆ, ವೈ-ಫೈ ಹೆಸರು, ಪಾಸ್‌ವರ್ಡು, ಎಲೆಕ್ಟ್ರಿಷಿಯನ್ ನಂಬರು, ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ದೂರಿಗೆ 1912, ಇಷ್ಟನ್ನೂ ಕಾಗದದಲ್ಲಿ ಬರೆದು ಬೀರುವಿನ ಒಳಬಾಗಿಲಿಗೆ ಅಂಟಿಸಿ. ಬಿಚ್ಚಿದ ಹಳೆ ಸಾಮಾನನ್ನು ಎಸೆಯದೆ ಬೋರ್ನ್‌ವಿಟಾ ಡಬ್ಬಿಯಲ್ಲಿ ಹಾಕಿಡಿ. ಮಾಡ್ಯೂಲು ಸತ್ತ ದಿನ ಮೊದಲ ಫೋಟೋ ನೋಡಿಕೊಂಡು ಎಲೆಕ್ಟ್ರಿಷಿಯನ್ ಹಳೆಯದನ್ನೇ ಅರ್ಧ ಗಂಟೆಯಲ್ಲಿ ಕೂರಿಸಬಹುದು.

ರೂಟರ್ ಬದಲಿಸಬೇಕಾಗಿ ಬಂದರೆ ಹೊಸದಕ್ಕೂ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಅಕ್ಷರ ತಪ್ಪದಂತೆ ಕೊಡಿ. ಎಲ್ಲ ಸಾಮಾನೂ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಇದು ಗೊತ್ತಿಲ್ಲದೆ ನಾನು ಒಂದು ಭಾನುವಾರ ಹನ್ನೊಂದು ಸಾಮಾನುಗಳನ್ನು ಒಂದೊಂದಾಗಿ ಮತ್ತೆ ಸೇರಿಸಿದೆ. ಮುಗಿಯುವಷ್ಟರಲ್ಲಿ ಸಂಜೆ ಏಳು. ಮಕ್ಕಳಿಗೆ ಅರಮನೆ ದೀಪ ತೋರಿಸುತ್ತೇನೆ ಅಂತ ಹೇಳಿದ್ದೆ. ನಾವು ಗೇಟಿನ ಹತ್ತಿರ ಹೋಗಿ ನಿಲ್ಲುವಷ್ಟರಲ್ಲಿ ಅದನ್ನೂ ಆರಿಸಿದ್ದರು.